ನಿವೃತ್ತಿಯ ಇಡುಗಂಟು: ಬಡ್ಡಿಗಿಂತ ಮೊದಲು ಕೇಳಬೇಕಾದ ಮೂರು ಪ್ರಶ್ನೆ

ನಿವೃತ್ತಿಯಾದ ಮೇಲೆ ಗ್ರಾಚುಯಿಟಿ, ಪಿಎಫ್, ಗಳಿಕೆ ರಜೆಯ ಹಣ ಎಲ್ಲ ಸೇರಿ ದೊಡ್ಡ ಮೊತ್ತ ಖಾತೆಗೆ ಬರುತ್ತದೆ. ಅಷ್ಟು ಹಣವನ್ನು ಒಟ್ಟಿಗೆ ನೋಡುವುದು ಹಲವರಿಗೆ ಅದೇ ಮೊದಲು. ಅದರ ಬೆನ್ನಿಗೇ ಸಲಹೆ ಕೊಡುವವರೂ ಬರುತ್ತಾರೆ. ಒಬ್ಬರು ಪಾಲಿಸಿ ತೋರಿಸುತ್ತಾರೆ, ಇನ್ನೊಬ್ಬರು ‘ನಮ್ಮ ಸೊಸೈಟಿಯಲ್ಲಿ ಹನ್ನೆರಡು ಪರ್ಸೆಂಟ್ ಕೊಡ್ತಾರೆ’ ಎನ್ನುತ್ತಾರೆ. ಅವಸರ ಮಾಡಬೇಡಿ. ಹಣ ಒಂದು ತಿಂಗಳು ಉಳಿತಾಯ ಖಾತೆಯಲ್ಲೇ ಇದ್ದರೆ ತಪ್ಪುವ ಬಡ್ಡಿ ಅಲ್ಪ. ತಪ್ಪು ಜಾಗದಲ್ಲಿ ಇಟ್ಟರೆ ಅಸಲೇ ಹೋದೀತು. ಅದನ್ನು ಮತ್ತೆ ದುಡಿದು ತುಂಬಿಸುವ ವಯಸ್ಸು ನಮ್ಮದಲ್ಲ.

ಯಾರು ಯಾವ ಯೋಜನೆ ತಂದರೂ ಮೂರು ಪ್ರಶ್ನೆ ಕೇಳಿ. ಈ ಹಣಕ್ಕೆ ಹೊಣೆ ಯಾರು? ಬಡ್ಡಿ ಕೈಗೆ ಬರುವುದು ಯಾವಾಗ? ನಡುವೆ ಬೇಕಾದರೆ ಎಷ್ಟು ಕಳೆದುಕೊಂಡು ತೆಗೆಯಬಹುದು? ಈ ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕ ಮೇಲೆಯೇ ‘ಬಡ್ಡಿ ಎಷ್ಟು?’ ಎಂದು ಕೇಳಬೇಕು. ಈಗ ಒಂದೊಂದೇ ಯೋಜನೆಯನ್ನು ಈ ಪ್ರಶ್ನೆಗಳ ಮುಂದೆ ಇಟ್ಟು ನೋಡೋಣ.

ಅಂಚೆ ಕಚೇರಿಯ ಎರಡು ಯೋಜನೆ

ಮೊದಲನೆಯದು 2004ರಲ್ಲಿ ಶುರುವಾದ ಹಿರಿಯ ನಾಗರಿಕರ ಉಳಿತಾಯ ಯೋಜನೆ. ಅಂಚೆ ಕಚೇರಿಯಲ್ಲೂ ಹಲವು ಬ್ಯಾಂಕುಗಳಲ್ಲೂ ಖಾತೆ ತೆರೆಯಬಹುದು. ಎಲ್ಲಿ ತೆರೆದರೂ ಹಣಕ್ಕೆ ಹೊಣೆ ಕೇಂದ್ರ ಸರ್ಕಾರ. 60 ತುಂಬಿದವರು ಸೇರಬಹುದು. 55 ದಾಟಿ ನಿವೃತ್ತರಾದವರಿಗೂ ಅವಕಾಶವಿದೆ, ಆದರೆ ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಖಾತೆ ತೆರೆಯಬೇಕು. ಒಬ್ಬರು ಗರಿಷ್ಠ 30 ಲಕ್ಷ ರೂಪಾಯಿ ಇಡಬಹುದು. 2023ರ ಏಪ್ರಿಲ್‌ಗೆ ಮೊದಲು ಈ ಮಿತಿ 15 ಲಕ್ಷವಿತ್ತು.

ಅವಧಿ ಐದು ವರ್ಷ, ಬೇಕಾದರೆ ಮತ್ತೆ ಮೂರು ವರ್ಷ ಮುಂದುವರಿಸಬಹುದು. 2023ರ ಏಪ್ರಿಲ್‌ನಲ್ಲಿ ಬಡ್ಡಿ ಶೇ 8.2ಕ್ಕೆ ಏರಿತು. ಸರ್ಕಾರ ಮೂರು ತಿಂಗಳಿಗೊಮ್ಮೆ ದರವನ್ನು ಪರಿಶೀಲಿಸುತ್ತದೆ, ಹಾಗಾಗಿ ಹೋದ ದಿನ ಎಷ್ಟಿದೆ ಎಂದು ಕೇಳಿ. ನೀವು ಹಣ ಕಟ್ಟಿದ ದಿನದ ದರ ಐದು ವರ್ಷವೂ ನಿಮಗೆ ಹಾಗೆಯೇ ಉಳಿಯುತ್ತದೆ. ಬಡ್ಡಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬೀಳುತ್ತದೆ. ಅದನ್ನು ಅಲ್ಲೇ ಬಿಟ್ಟರೆ ಬಡ್ಡಿಗೆ ಬಡ್ಡಿ ಬೆಳೆಯುವುದಿಲ್ಲ, ತೆಗೆದುಕೊಳ್ಳುವುದೇ ಲೇಸು. ಒಂದು ವರ್ಷದೊಳಗೆ ಖಾತೆ ಮುಚ್ಚಿದರೆ ಬಡ್ಡಿಯೇ ಇಲ್ಲ. ಒಂದರಿಂದ ಎರಡು ವರ್ಷದೊಳಗೆ ಅಸಲಿನ ಶೇ 1.5, ಆಮೇಲೆ ಶೇ 1 ಮುರಿದುಕೊಳ್ಳುತ್ತಾರೆ.

ಎರಡನೆಯದು ಅಂಚೆ ಇಲಾಖೆಯ ಮಾಸಿಕ ಆದಾಯ ಯೋಜನೆ, ಜನರ ಬಾಯಲ್ಲಿ ಎಂಐಎಸ್. ಒಬ್ಬರ ಹೆಸರಿನಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷದವರೆಗೆ ಇಡಬಹುದು. ಇದರ ಅವಧಿಯೂ ಐದು ವರ್ಷ. ಬಡ್ಡಿ ಮೊದಲನೆಯದಕ್ಕಿಂತ ಕಡಿಮೆ, ಆದರೆ ಪ್ರತಿ ತಿಂಗಳೂ ಬರುತ್ತದೆ. ಹಾಲು, ಕರೆಂಟು, ಔಷಧಿಯ ಬಿಲ್ಲುಗಳು ತಿಂಗಳು ತಿಂಗಳೂ ಬರುವುದರಿಂದ ಈ ಅನುಕೂಲ ಸಣ್ಣದಲ್ಲ.

ಬ್ಯಾಂಕು ಬೇರೆ, ಸೊಸೈಟಿ ಬೇರೆ

ಬ್ಯಾಂಕುಗಳು ಹಿರಿಯರ ಎಫ್‌ಡಿಗೆ ಸಾಮಾನ್ಯವಾಗಿ ಶೇ 0.5 ಹೆಚ್ಚು ಬಡ್ಡಿ ಕೊಡುತ್ತವೆ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮಾ ನಿಗಮ ಒಬ್ಬ ಠೇವಣಿದಾರರಿಗೆ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ಕೊಡುತ್ತದೆ. 2020ರ ಫೆಬ್ರುವರಿಗೆ ಮೊದಲು ಇದು ಒಂದೇ ಲಕ್ಷವಾಗಿತ್ತು. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಇಟ್ಟರೂ ಮಿತಿ ಅದೇ 5 ಲಕ್ಷ. ಆದ್ದರಿಂದ ದೊಡ್ಡ ಮೊತ್ತವನ್ನು ಬೇರೆ ಬೇರೆ ಬ್ಯಾಂಕುಗಳಿಗೆ ಹಂಚಿ.

ಇದು ಹೆದರಿಸಲು ಹೇಳುವ ಮಾತಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅವರಲ್ಲಿ ನಿವೃತ್ತರು ಬಹಳ ಮಂದಿ ಇದ್ದರು. ಜೀವಮಾನದ ಉಳಿತಾಯ ಕಣ್ಣೆದುರೇ ಇದ್ದೂ ಕೈಗೆ ಸಿಗದೆ ಅವರು ಪಟ್ಟ ಪಾಡು ಇನ್ನೊಬ್ಬರಿಗೆ ಬರಬಾರದು.

ಅದು ರಿಸರ್ವ್ ಬ್ಯಾಂಕಿನ ಪರವಾನಗಿ ಇದ್ದ ಬ್ಯಾಂಕು, ಹಾಗಾಗಿ ಠೇವಣಿ ವಿಮೆಯಾದರೂ ಇತ್ತು. ನಮ್ಮ ಊರೂರಲ್ಲಿರುವ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆಯೂ ಇಲ್ಲ. ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಎಷ್ಟೋ ಇವೆ. ಆದರೂ ಹೊಣೆ ಯಾರದು ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಉತ್ತರ ‘ಸಂಘದ್ದೇ’ ಎಂದಷ್ಟೇ. ನೆಂಟರು, ಸ್ನೇಹಿತರು ನಿರ್ದೇಶಕರಾಗಿದ್ದಾರೆ ಎಂಬ ಒಂದೇ ಕಾರಣಕ್ಕೆ ಇಡುಗಂಟನ್ನು ಅಲ್ಲಿಡಬೇಡಿ.

ಒಂದು ಲೆಕ್ಕ ಮಾಡಿ ನೋಡೋಣ

ಖಾಸಗಿ ಶಾಲೆಯಲ್ಲಿ ದುಡಿದು ನಿವೃತ್ತರಾದ, 60 ದಾಟಿದ ಒಬ್ಬ ಶಿಕ್ಷಕಿಯ ಬಳಿ 30 ಲಕ್ಷ ರೂಪಾಯಿ ಇದೆ ಎಂದುಕೊಳ್ಳಿ. ಮೂರು ಲಕ್ಷವನ್ನು ಅವರು ಆಸ್ಪತ್ರೆಯಂಥ ತುರ್ತಿಗೆಂದು, ಕೂಡಲೇ ತೆಗೆಯಲು ಬರುವಂತೆ ಬ್ಯಾಂಕಿನಲ್ಲಿ ಇಡುತ್ತಾರೆ. 15 ಲಕ್ಷವನ್ನು ಹಿರಿಯ ನಾಗರಿಕರ ಯೋಜನೆಯಲ್ಲಿ ಇಟ್ಟರೆ ಶೇ 8.2ರಂತೆ ಮೂರು ತಿಂಗಳಿಗೆ 30,750 ರೂಪಾಯಿ. ಆರು ಲಕ್ಷ ಎಂಐಎಸ್‌ನಲ್ಲಿ, ಶೇ 7.4ರಂತೆ ತಿಂಗಳಿಗೆ 3,700 ರೂಪಾಯಿ. ಎರಡೂ ಸೇರಿ ತಿಂಗಳಿಗೆ ಸರಾಸರಿ 13,950 ರೂಪಾಯಿ ಬಂದಂತಾಯಿತು.

ಉಳಿದ ಆರು ಲಕ್ಷವನ್ನು ಒಂದೇ ಎಫ್‌ಡಿ ಮಾಡಿಸಬಾರದು. ಎರಡೆರಡು ಲಕ್ಷದ ಮೂರು ಎಫ್‌ಡಿ ಮಾಡಿಸಿ ಒಂದು, ಎರಡು, ಮೂರು ವರ್ಷಕ್ಕೆ ಇಡಲಿ. ಒಂದೊಂದು ಮುಗಿದಾಗಲೂ ಅದನ್ನು ಮತ್ತೆ ಮೂರು ವರ್ಷಕ್ಕೆ ಹಾಕಿದರೆ ಪ್ರತಿ ವರ್ಷ ಒಂದು ಭಾಗ ಕೈಗೆ ಬರುತ್ತಿರುತ್ತದೆ. ಹಣ ಬೇಕಾದರೆ ಒಂದನ್ನಷ್ಟೇ ಮುರಿಸಿದರಾಯಿತು. ತೆರಿಗೆ ಉಳಿಸುವ ಐದು ವರ್ಷದ ಎಫ್‌ಡಿಯನ್ನು ನಡುವೆ ಮುರಿಸಲು ಬರುವುದಿಲ್ಲ, ಮಾಡಿಸುವ ಮುನ್ನ ಕೇಳಿ ತಿಳಿದುಕೊಳ್ಳಿ.

ಎಫ್‌ಡಿಯ ಬಡ್ಡಿಯನ್ನು ಖರ್ಚು ಮಾಡದೆ ಅಸಲಿಗೇ ಸೇರಿಸುತ್ತ ಹೋಗಬೇಕು. ಕಾರಣ ಬೆಲೆ ಏರಿಕೆ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಇಮ್ಮಡಿಯಾಗುತ್ತವೆ. ಇಂದು 60 ಆದವರಿಗೆ 72ರಲ್ಲಿ ಇದೇ ಸಂಸಾರ ನಡೆಸಲು ಎರಡರಷ್ಟು ಹಣ ಬೇಕು. ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡುವ ಮನೆಗೆ ಆಗ ಕಷ್ಟ.

ಕಾಗದಪತ್ರ

ಈ ಬಡ್ಡಿಗೆಲ್ಲ ತೆರಿಗೆಯ ಲೆಕ್ಕವುಂಟು. ನಿಮ್ಮ ಒಟ್ಟು ಆದಾಯಕ್ಕೆ ತೆರಿಗೆ ಬರುವುದಿಲ್ಲವಾದರೆ, 15ಎಚ್ ಎಂದು ಜನರಿಗೆ ಪರಿಚಯವಾದ ಘೋಷಣೆಯನ್ನು ವರ್ಷದ ಆರಂಭದಲ್ಲೇ ಕೊಡಿ, ಟಿಡಿಎಸ್ ಕಡಿತ ತಪ್ಪುತ್ತದೆ. ಪ್ರತಿ ಖಾತೆಗೂ ನಾಮಿನಿಯ ಹೆಸರು ಬರೆಸಿ, ಪಾಸ್‌ಬುಕ್ಕಿನಲ್ಲಿ ಅದು ನಮೂದಾಗಿದೆಯೇ ನೋಡಿ. ಎಫ್‌ಡಿ ಮಾಡಿಸಲು ಹೋದಾಗ ವಿಮಾ ಪಾಲಿಸಿಗೆ ಸಹಿ ಹಾಕಿಸಿಕೊಂಡಿದ್ದರೆ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ಹಿಂತಿರುಗಿಸುವ ಹಕ್ಕು ನಿಮಗಿದೆ. ಸಂಕೋಚಪಡದೆ ಬಳಸಿ.

ಕೊನೆಗೆ ಒಂದು ಕೆಲಸ, ಇದನ್ನು ಈ ವಾರವೇ ಮಾಡಿ. ಒಂದು ಹಾಳೆಯಲ್ಲಿ ಎಲ್ಲೆಲ್ಲಿ ಎಷ್ಟು ಹಣವಿದೆ, ಯಾವ ದಿನ ಅವಧಿ ಮುಗಿಯುತ್ತದೆ, ನಾಮಿನಿ ಯಾರು ಎಂದು ಬರೆಯಿರಿ. ಪಕ್ಕದಲ್ಲಿ ನಮ್ಮ ಮೂರು ಪ್ರಶ್ನೆಗಳ ಉತ್ತರವನ್ನೂ ಬರೆಯಿರಿ. ಉತ್ತರ ಬರೆಯಲಾಗದೆ ಖಾಲಿ ಉಳಿದ ಖಾತೆ ಯಾವುದೋ, ಮೊದಲು ಆ ಕಚೇರಿಗೆ ಹೋಗಿ ವಿಚಾರಿಸಿ. ಆಮೇಲೆ ಹಾಳೆಯನ್ನು ಮನೆಯವರ ಮುಂದಿಟ್ಟು ಓದಿ ಹೇಳಿ. ಮನೆಯ ಹಣದ ಲೆಕ್ಕ ಒಬ್ಬರ ನೆನಪಿನಲ್ಲಷ್ಟೇ ಇರಬಾರದು.