'ಅವಸರ' ಎಂಬ ಪದ ಕಲಿಸಿದ್ದು

ತೆಲುಗು, ತಮಿಳು, ಹಿಂದಿಯಿಂದ ಔಷಧಿ ಚೀಟಿ, ಆಸ್ಪತ್ರೆಯ ಫಾರಂ, ಸರ್ಕಾರಿ ಪ್ರಕಟಣೆಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಕಷ್ಟದ ಪದ ಬಂದರೆ ನಿಘಂಟು ಇದೆ. ಎಲ್ಲ ಕಡೆಯೂ ಒಂದೇ ಥರ ಕಾಣುವ ಪದಗಳೇ ಅಪಾಯ. ಅವುಗಳಲ್ಲಿ ಮೊದಲನೆಯದು 'ಅವಸರ'.

1. ಗೊತ್ತಿದೆ ಎನಿಸಿದ ಪದವನ್ನೇ ಮೊದಲು ಪರೀಕ್ಷಿಸಿ.
ನಮಗೆ ಅವಸರ ಎಂದರೆ ಗಡಿಬಿಡಿ. ತೆಲುಗಿನ 'ಅವಸರಂ' ಎಂದರೆ ಅಗತ್ಯ. ಮಾತ್ರೆಯ ಚೀಟಿಯಲ್ಲಿ 'ಅವಸರಮೈತೇನೇ ವಾಡಂಡಿ' ಎಂದಿದ್ದರೆ 'ಅಗತ್ಯವಿದ್ದರೆ ಮಾತ್ರ ಬಳಸಿ' ಎಂದರ್ಥ. ಅದನ್ನು 'ತುರ್ತಿದ್ದರೆ ಮಾತ್ರ' ಎಂದು ಬರೆದರೆ, ನೋವು ಬಂದಾಗ ನುಂಗಬೇಕಾದ ಮಾತ್ರೆಯನ್ನು ರೋಗಿ ಪ್ರಾಣಕ್ಕೆ ಬಂದಾಗ ನೋಡೋಣ ಎಂದು ಎತ್ತಿಡುತ್ತಾನೆ.

2. ಒಂದು ಪದ ಜಾರಿದರೆ ಅದರ ಜಾಗಕ್ಕೆ ಯಾವುದು ಬಂದಿದೆ ಎಂದು ನೋಡಿ.
ನಮ್ಮ ಅವಸರಕ್ಕೆ ತೆಲುಗರು ಹೇಳುವುದು 'ತೊಂದರ'. ನಮ್ಮ 'ತೊಂದರೆ'ಯೋ ಕಷ್ಟ, ಕಿರುಕುಳ. ತಮಿಳಿನ 'ತೊಂದರವು' ಕೂಡ ಹಾಗೆಯೇ. ತೆಲುಗಿನ ವೈದ್ಯರು 'ಆಪರೇಷನ್‌ಕಿ ತೊಂದರೇಮೀ ಲೇದು' ಎಂದರೆ ಆಪರೇಷನ್ನಿಗೆ ಅವಸರವೇನಿಲ್ಲ, ಆದರೆ ಮಾಡಿಸಲೇಬೇಕು ಎಂದು. ಕನ್ನಡದ ಕಿವಿಗೆ ಬೀಳುವುದು 'ಏನೂ ತೊಂದರೆಯಿಲ್ಲ' ಎಂದು. ಮನೆಯವರು ನಿಶ್ಚಿಂತೆಯಿಂದ ಊರಿಗೆ ಹೊರಟುಬಿಡುತ್ತಾರೆ. ಕೋಲಾರ, ಪಾವಗಡದ ಕಡೆ ಎರಡೂ ಭಾಷೆ ಆಡುತ್ತ ಬೆಳೆದವರಿಗೆ ಇದು ಸಮಸ್ಯೆಯೇ ಅಲ್ಲ. ತೆಲುಗು ಅಲ್ಪಸ್ವಲ್ಪ ತಿಳಿಯುವ ನಮ್ಮಂಥವರೇ ಎಡವುವುದು. ಇಂಥ ವಾಕ್ಯ ಬಂದಾಗ ನಾನು ಪೂರ್ತಿ ಬಿಡಿಸಿ ಬರೆಯುತ್ತೇನೆ: 'ಈಗಲೇ ಬೇಡ, ಮುಂದೆ ಮಾಡಿಸಬೇಕು.' ಎರಡು ಪದ ಹೆಚ್ಚಾದರೂ ಚಿಂತೆಯಿಲ್ಲ.

3. ಮೂಲ ತಿಳಿದಿರಲಿ, ಆದರೆ ಅರ್ಥವನ್ನು ಬಳಕೆಯಿಂದಲೇ ನಿರ್ಧರಿಸಿ.
ಸಂಸ್ಕೃತದಲ್ಲಿ 'ಸೃ' ಧಾತುವಿಗೆ 'ಅವ' ಸೇರಿ ಅವಸರ. ಇಳಿದು ಬರುವುದು, ಮಳೆ, ತಕ್ಕ ಸಮಯ ಇವು ಅದರ ಹಳೆಯ ಅರ್ಥಗಳು. ತಕ್ಕ ಸಮಯ ಎಂಬುದನ್ನು ಹಿಂದಿ, ಮಲಯಾಳಂಗಳು ಉಳಿಸಿಕೊಂಡವು. ಅಲ್ಲಿ ಅದು ಅವಕಾಶ. ಸಮಯ ಮೀರೀತು ಎಂಬ ಆತಂಕ ಸೇರಿದ್ದರಿಂದ ನಮ್ಮಲ್ಲಿ ಗಡಿಬಿಡಿಯಾಯಿತು, ಆ ಸಮಯಕ್ಕೆ ಬೇಕಾದದ್ದು ಎಂಬ ದಾರಿಯಲ್ಲಿ ತೆಲುಗಿನಲ್ಲಿ ಅಗತ್ಯವಾಯಿತು ಎಂದು ನಾನು ತಿಳಿದಿದ್ದೇನೆ. ಉಡುಪಿ ಕೃಷ್ಣಮಠದ ನಿತ್ಯಪೂಜೆಗಳಲ್ಲಿ 'ಅವಸರ ಸನಕಾದಿ ಪೂಜೆ' ಎಂದೇ ಒಂದಿದೆ. ಅಲ್ಲಿ ಯಾವ ಧಾವಂತವೂ ಇಲ್ಲ. ವೇಳೆ, ಸಂದರ್ಭ ಎಂಬ ಅರ್ಥವೇ ಹೊಂದುತ್ತದೆ.

4. ಸರ್ಕಾರಿ ಭಾಷೆಯಲ್ಲಿ ಒಂದೊಂದು ಪದವನ್ನೂ ಎದುರುಬದುರು ಇಟ್ಟು ಓದಿ.
ಸಂವಿಧಾನದ ಪ್ರಸ್ತಾವನೆಯ ಹಿಂದಿ ಪಾಠದಲ್ಲಿ ಸಮಾನತೆ ಇರುವುದು 'ಅವಸರ್'ನಲ್ಲಿ, ಕನ್ನಡದಲ್ಲಿ 'ಅವಕಾಶ'ದಲ್ಲಿ. ಆ 'ಅವಕಾಶ'ವನ್ನು ಹಾಗೇ ಹಿಂದಿಗೆ ಕಳಿಸಿದರೆ ರಜೆ ಎಂದಾಗುತ್ತದೆ. ಮರಾಠಿಗೆ ಹೋದರೆ ಅದೇ ಪದ ಬಾಹ್ಯಾಕಾಶವೂ ಹೌದು.

5. ಆಸ್ಪತ್ರೆಯ ಫಲಕವನ್ನು ಎರಡು ಸಲ ಓದಿಸಿ.
ತಮಿಳಿನಲ್ಲಿ 'ಅವಸರ ಸಿಕಿಚ್ಚೈ' ಎಂದರೆ ತುರ್ತು ಚಿಕಿತ್ಸೆ. ತೆಲುಗಿನಲ್ಲಿ ತುರ್ತಿಗೆ 'ಅತ್ಯವಸರ'. 1975ರ ತುರ್ತು ಪರಿಸ್ಥಿತಿ ತಮಿಳರಿಗೆ 'ಅವಸರ ನಿಲೈ', ತೆಲುಗರಿಗೆ 'ಅತ್ಯವಸರ ಪರಿಸ್ಥಿತಿ'. ಇನ್ನು ಮಲಯಾಳಂನ 'ಆತುರಾಲಯಂ' ಆಸ್ಪತ್ರೆಯೇ. ಆತುರ ಎಂದರೆ ನಮಗೆ ಗಡಿಬಿಡಿ, ಸಂಸ್ಕೃತದಲ್ಲಿ ರೋಗಿ.

6. ನಿಮ್ಮದೇ ಒಂದು ಪಟ್ಟಿ ಇಟ್ಟುಕೊಳ್ಳಿ.
ಶಿಕ್ಷೆ ಹಿಂದಿಯಲ್ಲಿ ಶಿಕ್ಷಣ, ಉಪನ್ಯಾಸ ಹಿಂದಿಯಲ್ಲಿ ಕಾದಂಬರಿ, ರಾಗ ಮರಾಠಿಯಲ್ಲಿ ಸಿಟ್ಟು. ಅನುವಾದಕ್ಕೆ ಕೈಹಾಕುವ ಎಳೆಯರಲ್ಲಿ ನನ್ನದೊಂದು ವಿನಂತಿ: ಔಷಧಿ, ಚಿಕಿತ್ಸೆಗೆ ಸಂಬಂಧಿಸಿದ್ದೇನನ್ನೇ ಕನ್ನಡಕ್ಕೆ ತಂದರೂ, ಮೂಲ ಭಾಷೆಯನ್ನು ಮನೆಮಾತಾಗಿ ಆಡುವ ಒಬ್ಬರಿಂದ ಓದಿಸದೆ ಅಚ್ಚಿಗೆ ಕೊಡಬೇಡಿ.