ಗುಳೆ ಬಂದ ಹೆಣ್ಣಾಳಿಗೆ ಹಾಜರಿಯೇ ಆಸರೆ

ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಬರುವವರಲ್ಲಿ ಗಂಡ-ಹೆಂಡತಿ ಜೋಡಿಯಾಗಿ ದುಡಿಯುವವರು ಬಹಳ. ಮೇಸ್ತ್ರಿಯ ಪುಸ್ತಕದಲ್ಲಿ ಮಾತ್ರ ಎಷ್ಟೋ ಸಲ ಗಂಡನ ಹೆಸರೊಂದೇ ಇರುತ್ತದೆ. ಬಟವಾಡೆಯೂ ಅವನ ಕೈಗೇ. ದಿನವಿಡೀ ಜಲ್ಲಿ, ಮರಳು ಹೊತ್ತವಳ ಬಳಿ ತಾನೂ ದುಡಿದೆ ಎನ್ನಲು ಒಂದು ಚೀಟಿಯೂ ಇರುವುದಿಲ್ಲ. ಸವಲತ್ತು ಕೈತಪ್ಪುವುದು ಇಲ್ಲೇ.

ಆದ್ದರಿಂದ ಕೆಲಸಕ್ಕೆ ಸೇರಿದ ದಿನವೇ ಹಾಜರಿಯಲ್ಲಿ ನಿಮ್ಮ ಹೆಸರು ಬೇರೆಯಾಗಿ ಬರೆಸಿ. ಮೇಸ್ತ್ರಿ ಗೊಣಗಿದರೆ ಗೊಣಗಲಿ. ವಾರಕ್ಕೊಮ್ಮೆ ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.

ಮುಂದಿನದು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ. ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿರಬೇಕು. ಸೈಟು ಬಿಡುವ ಮೊದಲೇ ಮಾಲೀಕ ಅಥವಾ ಗುತ್ತಿಗೆದಾರನಿಂದ ಉದ್ಯೋಗ ದೃಢೀಕರಣ ಪತ್ರ ಬರೆಸಿಕೊಳ್ಳಿ. ಆಮೇಲೆ ಅವರು ಫೋನ್ ಎತ್ತುವುದು ಅನುಮಾನ. ಕೊಡದಿದ್ದರೆ ನೋಂದಾಯಿತ ಕಾರ್ಮಿಕ ಸಂಘವನ್ನೋ ಕಾರ್ಮಿಕ ನಿರೀಕ್ಷಕರನ್ನೋ ಕೇಳಿ. ಗಂಡನ ಕಾರ್ಡಿದೆಯಲ್ಲ ಎಂದು ಸುಮ್ಮನಾಗಬೇಡಿ. ಹೆರಿಗೆ ನೆರವು, ವೃದ್ಧಾಪ್ಯದ ಪಿಂಚಣಿ ನಿಮಗೆ ಬರಬೇಕಾದರೆ ಕಾರ್ಡು ನಿಮ್ಮದೇ ಆಗಿರಬೇಕು, ನವೀಕರಣವೂ ತಪ್ಪಬಾರದು. ಆಧಾರ್ ಜೋಡಿಸಿದ ಸ್ವಂತ ಬ್ಯಾಂಕ್ ಖಾತೆಯನ್ನೂ ಮಾಡಿಸಿಕೊಳ್ಳಿ.

ಮನೆಗೆಲಸ, ಕಬ್ಬು ಕಟಾವಿನವರು ಈ ಮಂಡಳಿಗೆ ಸೇರುವುದಿಲ್ಲ. ಅವರಲ್ಲಿ 16ರಿಂದ 59 ವರ್ಷದವರು ಅಸಂಘಟಿತ ಕಾರ್ಮಿಕರ ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರು ದಾಖಲಿಸಬಹುದು. ಆದರೆ ಕಾರ್ಡು ಬಂದ ಮಾತ್ರಕ್ಕೆ ದುಡ್ಡು ಬರುತ್ತದೆಂದು ನಂಬಿಸುವ ಏಜೆಂಟರಿದ್ದಾರೆ, ಹುಷಾರು.

ಪಡಿತರ ಚೀಟಿ ಊರಲ್ಲಿ ಅತ್ತೆಯ ಬಳಿಯೇ ಇರಲಿ, ಅದರ ಸಂಖ್ಯೆ ಬರೆದು ತನ್ನಿ. ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಒಂದಿಷ್ಟು ಪಡೆಯಬಹುದು, ಉಳಿದದ್ದನ್ನು ಊರಿನವರು ತಗೊಳ್ಳಬಹುದು.

ಬಸುರಿಯಾದರೆ ಆಶಾ ಕಾರ್ಯಕರ್ತೆಯನ್ನು ಕಂಡು ತಾಯಿ ಕಾರ್ಡ್ ಮಾಡಿಸಿ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ₹5,000, ಎರಡನೆಯದು ಹೆಣ್ಣಾದರೆ ₹6,000 ಸಿಗುತ್ತದೆ. ಮೂರು ತುಂಬಿದ ಮಗುವನ್ನು ಹತ್ತಿರದ ಅಂಗನವಾಡಿಗೆ ಸೇರಿಸಿ. ಮಗು ಸೈಟಿನ ಸೀರೆ ಜೋಲಿಯಲ್ಲೋ ಮರಳಿನ ಗುಡ್ಡೆಯ ಮೇಲೋ ಇದ್ದರೆ ಬಾಂಡ್ಲಿ ಹೊತ್ತವಳ ಒಂದು ಕಣ್ಣು ಅಲ್ಲೇ ಇರುತ್ತದೆ. ಹೆಣ್ಣಾಳಿನ ಕೆಲಸ ಸಾಗುವುದಿಲ್ಲ ಎಂದು ದೂರುವ ಗುತ್ತಿಗೆದಾರರು, ತಮ್ಮ ಸೈಟಿನಲ್ಲಿ ಮಗುವಿಗೆ ನೆರಳು, ತಾಯಿಗೆ ಶೌಚಾಲಯ ಇದೆಯೇ ಎಂದು ಮೊದಲು ನೋಡಲಿ.

ಕೂಲಿ ಹಿಡಿದಿಟ್ಟರೆ ಕಾರ್ಮಿಕ ಸಹಾಯವಾಣಿ 155214ಕ್ಕೆ ಕರೆ ಮಾಡಿ. ಹಾಜರಿ ಪುಟದ ಫೋಟೊ ಕೈಯಲ್ಲಿದ್ದರೆ ದೂರು ಕೊಡುವುದು ಸಲೀಸು.