ಸಹಿ ಹಾಕುವ ಮುನ್ನ

ಉಮದಿಯ ಸಹೋದರರೇ, ಯಾರನ್ನೂ ತೆಗೆಯದೆ ವಾರಕ್ಕೆ ಮೂರೇ ದಿನ ಕೆಲಸ ಎಂದು ಮಹಾರಾಷ್ಟ್ರದ ಕುಪವಾಡದ ನಿಮ್ಮ ಮಾಲೀಕರು ಹೇಳಿದ್ದರೆ ಒಪ್ಪಿಕೊಳ್ಳಿ. ನೌಕರಿ, ಸೇವಾವಧಿ ಉಳಿಯುತ್ತವೆ. ಜರ್ಮನಿಯಲ್ಲಾದರೆ ಕಡಿತವಾದ ನಿವ್ವಳ ವೇತನದ ಕನಿಷ್ಠ ಶೇ 60ರಷ್ಟನ್ನು ನಿರುದ್ಯೋಗ ವಿಮೆಯೇ ತುಂಬುತ್ತದೆ. ನಮ್ಮಲ್ಲಿ ಆ ಆಸರೆಯಿಲ್ಲ.

ಆದರೆ 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ವರ್ಷ ತುಂಬಿದ ಕಾಯಂ ಕಾರ್ಮಿಕನಿಗೆ ಕೆಲಸ ಕೊಡದ ‘ಲೇ ಆಫ್’ ದಿನಗಳಿಗೆ ಮೂಲ ವೇತನ, ತುಟ್ಟಿಭತ್ಯೆಗಳ ಅರ್ಧ ಸಿಗಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ ಈ ಹಕ್ಕನ್ನು ಹೊಸ ಕೈಗಾರಿಕಾ ಸಂಬಂಧ ಸಂಹಿತೆಯೂ ಉಳಿಸಿದೆ. ಒಪ್ಪಂದದ ಕಾಗದದಲ್ಲಿ ‘ಸ್ವಇಚ್ಛೆಯ ರಜೆ’ ಎಂದಿದ್ದರೆ ಆ ಅರ್ಧವೂ ಕೈತಪ್ಪೀತು.

ಇಎಸ್‌ಐ ಕಾಯಿಲೆ ಭತ್ಯೆಗೆ ಆರು ತಿಂಗಳಲ್ಲಿ 78 ದಿನಗಳ ವಂತಿಗೆ ಬೇಕು. ವಾರಕ್ಕೆ ಮೂರು ದಿನವೆಂದರೆ ಅಂಚಿನಲ್ಲೇ ನಿಂತಂತೆ. ಹಾಜರಿ ತಪ್ಪಿಸಬೇಡಿ. ನೀವು ಕನ್ನಡ ಶಾಲೆಯಲ್ಲಿ ಕಲಿತವರು. ಆದ್ದರಿಂದ ಮರಾಠಿ ಒಪ್ಪಂದವನ್ನು ಆ ಭಾಷೆ ಬಲ್ಲವರಿಂದ ಪೂರ್ತಿ ಓದಿಸಿ, ಪ್ರತಿ ಇಟ್ಟುಕೊಂಡೇ ಸಹಿ ಹಾಕಿ.